ಮರಾಠಿ ಬಾರದ ಮ್ಯಾಡಮ್

ಹಿಂದಿನ ಸಾಲಿನಲ್ಲಿ ಯಾರೋ ಹಣೆಗೆ ಬಾಮ್ ಹಚ್ಚಿಕೊಂಡರು. ಮುಚ್ಚಿದ ಕಿಟಕಿಗಳ ಸಭಾಂಗಣ, ತಿರುಗಿಯೂ ಗಾಳಿ ಕೊಡದ ಫ್ಯಾನು, ಊಟವಾದ ಮೇಲಿನ ಹೊತ್ತು. ಆ ಖಾರವಾದ ವಾಸನೆ ಮೂಗಿಗೆ ಬಡಿಯಿತು ನೋಡಿ, ನಾನು ನಾಶಿಕದ ಆ ಕುರ್ಚಿಯಲ್ಲಿ ಕೂತಿದ್ದೇ ಮರೆತುಹೋಯಿತು. ಅಕ್ಕೋರು ಪಕ್ಕದಲ್ಲೇ ಬಂದು, ಉಸ್ಸಪ್ಪಾ ಎಂದು ಕೂತಂತಾಯಿತು...

ಅದು ಶಿಕ್ಷಕರ ತರಬೇತಿ. ಸರ್ಕಾರಿ ಶಾಲೆಯ ಮಕ್ಕಳಿಗೆ ಎರಡು ಭಾಷೆಗಳಲ್ಲಿ ಕಲಿಸುವುದು ಹೇಗೆ ಎಂಬುದು ವಿಷಯ. ಇಂಥದ್ದೊಂದು ಆಗಾಗ ಇದ್ದೇ ಇರುತ್ತದೆ. ಹೆಸರು ಬದಲಾಗುತ್ತದೆ, ಕೊಡುವ ಚೀಲದ ಬಣ್ಣ ಬದಲಾಗುತ್ತದೆ, ಅಷ್ಟೇ. ಮಗುವಿನ ಮನೆಮಾತನ್ನು ತರಗತಿಯಿಂದ ಹೊರಗೆ ಹಾಕಬೇಡಿ, ಅದರ ಕೈ ಹಿಡಿದೇ ಇಂಗ್ಲಿಷಿಗೆ ಹೋಗಿ ಎಂದು ವೇದಿಕೆಯ ಮೇಲಿನ ತರುಣ ಪರದೆ ತೋರಿಸುತ್ತ ಹೇಳುತ್ತಿದ್ದ. ಹೊಸಬರು ಬರೆದುಕೊಳ್ಳುತ್ತಿದ್ದರು. ನನ್ನ ವಯಸ್ಸಿನವರು ಬಾಯಿಗೆ ಕೈ ಅಡ್ಡ ಹಿಡಿದು ಆಕಳಿಸುತ್ತಿದ್ದೆವು. ಅವನು ಹೇಳುತ್ತಿದ್ದುದೇನೂ ತಪ್ಪಲ್ಲ, ಪಾಪ. ನಾನೇ ದಣಿದಿದ್ದೆ. ಅವನು ಹೇಳಿದ್ದೆಲ್ಲವನ್ನೂ ನಾನು ಎಷ್ಟೋ ವರ್ಷಗಳ ಹಿಂದೆ, ಪರದೆಯೂ ಇಲ್ಲದ, ಕೆಲವು ಸಲ ಸೀಮೆಸುಣ್ಣವೂ ಇಲ್ಲದ ಒಂದು ತರಗತಿಯಲ್ಲಿ ನಿಂತು ನೋಡಿದ್ದೆ.

ನಮ್ಮ ಯಜಮಾನರು ಬ್ಯಾಂಕಿನವರು. ಗದಗಿನಿಂದ ವರ್ಗವಾಗಿ ನಾವು ಮೊದಲು ಬಂದದ್ದು ಈಗಿನ ಛತ್ರಪತಿ ಸಂಭಾಜಿನಗರಕ್ಕೆ. ಆಗ ಎಲ್ಲರೂ ಔರಂಗಾಬಾದ್ ಎನ್ನುತ್ತಿದ್ದರು. ನನ್ನದು ಬಿ.ಎಡ್. ಆಗಿತ್ತು. ಗಣಿತ ಕಲಿಸಬಲ್ಲೆ, ಇಂಗ್ಲಿಷ್ ಬರುತ್ತಿತ್ತು, ಮರಾಠಿ ಮಾತ್ರ ಒಂದಕ್ಷರ ಗೊತ್ತಿರಲಿಲ್ಲ. ಆ ದಿನಗಳಲ್ಲಿ ಚಿಕಲಠಾಣಾದ ಕಾರ್ಖಾನೆಗಳ ಆಚೆ, ಕೆಲಸಗಾರರೇ ಹೆಚ್ಚಾಗಿದ್ದ ಒಂದು ವಸತಿಯ ಸರ್ಕಾರಿ ಮರಾಠಿ ಶಾಲೆಯಲ್ಲಿ ಸೆಮಿ ಇಂಗ್ಲಿಷ್ ಶುರುಮಾಡಿದ್ದರು. ಅಂದರೆ ಉಳಿದ ಪಾಠಗಳೆಲ್ಲ ಮರಾಠಿಯಲ್ಲಿ, ಗಣಿತ ಮತ್ತು ವಿಜ್ಞಾನ ಮಾತ್ರ ಇಂಗ್ಲಿಷಿನಲ್ಲಿ. ಮಕ್ಕಳು ಖಾಸಗಿ ಶಾಲೆಗೆ ಓಡಿಹೋಗದಿರಲಿ ಎಂದು ಮಾಡಿದ ಉಪಾಯ. ಉಪಾಯವೇನೋ ಆಯಿತು, ಕಲಿಸುವವರು ಬೇಕಲ್ಲ? ಶಾಲಾ ಸಮಿತಿಯವರು ತಾಸಿನ ಲೆಕ್ಕದಲ್ಲಿ ನನ್ನನ್ನು ತೆಗೆದುಕೊಂಡರು.

ನನಗೆ ಕೊಟ್ಟ ಐದನೆಯ ತರಗತಿ ಅಕ್ಕೋರದು. ಮಕ್ಕಳು ಅವರನ್ನು ಅಲ್ಲಿಯ ರೂಢಿಯಂತೆ ಬಾಈ ಎಂದು ಕರೆಯುತ್ತಿದ್ದರು. ನನ್ನ ನಾಲಿಗೆಗೆ ಅದು ಒಗ್ಗಲಿಲ್ಲ. ನಮ್ಮ ಗದಗಿನ ಕಡೆ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತೇವೆ, ನಾನೂ ಹಾಗೇ ಎಂದೆ. ಅರ್ಥ ಕೇಳಿ ತಿಳಿದುಕೊಂಡು, ಇರಲಿ, ಚೆನ್ನಾಗಿದೆ ಎಂದರು. ಎತ್ತರದ, ಬಡಕಲು ಹೆಂಗಸು. ಪಿನ್ನು ಹಾಕಿದ ಸೆರಗು, ಸದಾ ಸೀಮೆಸುಣ್ಣದ ಬೆರಳುಗಳು, ಸದಾ ತಲೆನೋವು. ಬೆಳಗಿನ ಪ್ರಾರ್ಥನೆಯ ಹೊತ್ತಿಗೇ ಅವರ ಹಣೆ ಬಾಮಿನಿಂದ ಮಿರಮಿರ ಮಿಂಚುತ್ತಿತ್ತು. ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಲೇ ಇಲ್ಲ. ಅವರಿಗೆ ಕಲಿಸುವುದೆಂದರೆ ಉತ್ಸಾಹದ ಕೆಲಸವಾಗಿರಲಿಲ್ಲ, ದಿನಾ ನೀರು ಹೊರುವಂಥ ಕೆಲಸವಾಗಿತ್ತು. ಆದರೆ ಕೊಡ ಒಂದು ದಿನವೂ ಕೆಳಗಿಟ್ಟವರಲ್ಲ.

ನಾವಿಬ್ಬರೂ ಮಾತಾಡುತ್ತಿದ್ದುದು ಮುರುಕು ಹಿಂದಿಯಲ್ಲಿ. ಅವರ ಹಿಂದಿಯಲ್ಲಿ ಮರಾಠಿ, ನನ್ನದರಲ್ಲಿ ಕನ್ನಡ. ಆದರೆ ಇಷ್ಟು ವರ್ಷಗಳಾದ ಮೇಲೆ ಅವರ ಮಾತು ನನಗೆ ನೆನಪಾಗುವುದು ನನ್ನ ಗದಗಿನ ಕನ್ನಡದಲ್ಲೇ. ಹೇಗೆ ಹಾಗಾಯಿತೋ ತಿಳಿಯದು.

ಮೊದಲ ವಾರ ನಾನು ಭಿನ್ನರಾಶಿಯನ್ನು ಇಂಗ್ಲಿಷಿನಲ್ಲಿ ಹೇಳಿದೆ. ಮಕ್ಕಳು ಮುಚ್ಚಿದ ಅಂಗಡಿಯ ಮುಂದೆ ನಿಂತವರ ಹಾಗೆ ನನ್ನನ್ನು ನೋಡಿದರು. ಹೇಳಿಕೊಟ್ಟದ್ದನ್ನು ಒಕ್ಕೊರಲಿನಲ್ಲಿ ಒಪ್ಪಿಸಿದರು, ಒಂದಕ್ಕೂ ಅರ್ಥ ಗೊತ್ತಿರಲಿಲ್ಲ. ಶನಿವಾರ ಬಿಡುವಿನಲ್ಲಿ ಕೋಮಲ್ ಎಂಬ ಹುಡುಗಿ ಓಡಿ ಬಂದು ಮರಾಠಿಯಲ್ಲಿ ಏನೋ ಹೇಳಿದಳು. ನಾನು ತಲೆಯಾಡಿಸಿದೆ, ತಿಳಿಯಲಿಲ್ಲ. ಅವಳು ಇನ್ನೊಮ್ಮೆ ಹೇಳಿದಳು. ಊಹೂಂ. ಆಗ ಆ ಹುಡುಗಿ ಕಣ್ಣು ಮುಚ್ಚಿ, ಎಲ್ಲೆಲ್ಲಿಂದಲೋ ಮಾತು ಹೆಕ್ಕಿ ತಂದು, "ಮ್ಯಾಡಮ್, ಬಾಯ್ ಫಾಲ್. ಲೆಗ್ ಬ್ಲಡ್. ಕಮ್" ಎಂದಳು. ಹೊರಗೆ ಒಬ್ಬ ಹುಡುಗ ಬಿದ್ದು ಮೊಣಕಾಲು ಕೆತ್ತಿಕೊಂಡಿದ್ದ. ನಾನು ಅವನಿಗೆ ಪಟ್ಟಿ ಕಟ್ಟುವಾಗ ಅಕ್ಕೋರು ಬಾಗಿಲಲ್ಲಿ ನಿಂತು ಗಾಯದ ಕಡೆ ನೋಡದೆ ಕೋಮಲಳ ಕಡೆ ನೋಡುತ್ತಿದ್ದರು.

ಸೋಮವಾರ ಅವರು ತರಗತಿಗೆ ಒಂದು ಸುದ್ದಿ ಹೇಳಿದರು. ಈ ಮ್ಯಾಡಮ್ ಮದ್ರಾಸ್ ಕಡೆಯವರು. ಮರಾಠಿ ಬರುವುದಿಲ್ಲ, ಹಿಂದಿಯೂ ಬರುವುದಿಲ್ಲ. ಹೊಸ ಊರಿನಲ್ಲಿ ಪಾಪ ಅವರಿಗೆ ಯಾರೂ ಇಲ್ಲ. ಇಲ್ಲಿ ಏನು ಕಲಿಸುತ್ತಾರೆಂದು ಅವರಿಗೆ ನೀವೇ ತಿಳಿಸಿ ಹೇಳಬೇಕು. ನನ್ನ ಗದಗು ಒಂದು ನಿಮಿಷದಲ್ಲಿ ಮದ್ರಾಸಿಗೆ ಸೇರಿಹೋಯಿತು. ಆಮೇಲೆ ನನ್ನನ್ನು ಶಾಲೆಯ ಅಡಿಗೆ ಕೋಣೆಯ ಹಿಂದೆ ಕರೆದು ಹೇಳಿದರು.

"ಮ್ಯಾಡಮ್, ನಿಮ್ಮ ಕೈ ಮುಗೀತೀನಿ, ಮರಾಠಿ ಕಲೀಬ್ಯಾಡ್ರಿ. ನಿಮಗ ಬರಂಗಿಲ್ಲ ಅನ್ನೂತನಾ ಈ ಹುಡುಗರಿಗೆ ಇಂಗ್ಲಿಷಿನ ಗರಜು ಅದ."

ಕೆಲಸ ನಡೆದದ್ದು ಹೀಗೆ. ಮೊದಲ ತಾಸಿನಲ್ಲಿ ಅಕ್ಕೋರು ಪಾಠವನ್ನು ಮರಾಠಿಯಲ್ಲಿ ಹೇಳುತ್ತಿದ್ದರು. ಭಾಕರಿ ಎನ್ನುವ ಅಲ್ಲಿಯ ಜೋಳದ ರೊಟ್ಟಿ ಹರಿದು, ಹುಣಸೆ ಬೀಜ ಹಂಚಿ, ಮಕ್ಕಳಿಗೆ ಪೂರ್ತಿ ತಿಳಿಯುವ ತನಕ. ಎರಡನೇ ತಾಸಿಗೆ ನಾನು ಒಳಗೆ ಬರುತ್ತಿದ್ದೆ, ಏನೂ ತಿಳಿಯದವಳ ಮುಖ ಹೊತ್ತು. ಮಕ್ಕಳು ಆ ಪಾಠವನ್ನೇ ನನಗೆ ಇಂಗ್ಲಿಷಿನಲ್ಲಿ ಕಲಿಸಬೇಕು. ಮಾತು ಸಿಗದಿದ್ದರೆ ಹಿಂದೆ ನಿಂತ ಅಕ್ಕೋರನ್ನು ಮರಾಠಿಯಲ್ಲಿ ಕೇಳಬಹುದು, ಅವರು ಶಬ್ದ ಕೊಡುತ್ತಿದ್ದರು, ವಾಕ್ಯ ಕೊಡುತ್ತಿರಲಿಲ್ಲ. ಮಕ್ಕಳು ಹೇಳಿದ್ದನ್ನು ನಾನು ಸರಿಯಾಗಿ ತಿರುಗಿಸಿ ಹೇಳಿ, ಹೀಗಾ ಎಂದು ಕೇಳುತ್ತಿದ್ದೆ. ಹೌದು ಹಾಗೇ ಎಂದು ಅವರು ಉಸಿರು ಬಿಡುತ್ತಿದ್ದರು. ಒನ್ ಭಾಕರಿ, ಫೋರ್ ಪೀಪಲ್, ಎವ್ರಿಬಡಿ ಲಿಟಲ್ ಹಂಗ್ರಿ ಎಂದು ಒಬ್ಬ ಹುಡುಗ ಕಾಲು ಭಾಗವನ್ನು ನನಗೆ ತಿಳಿಸಿದ. ಅದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ನನಗೆ ಅದನ್ನು ಹೇಳಿಲ್ಲ.

ಮಕ್ಕಳಿಗೆ ನನ್ನ ಮೇಲೆ ಕನಿಕರ. ತಿಳಿಯದಿದ್ದರೆ ಕಿವುಡಿಗೆ ಹೇಳುವಂತೆ ಗಟ್ಟಿಯಾಗಿ ಹೇಳುತ್ತಿದ್ದರು. ಮನೆಯಲ್ಲಿ ಹಾಲಿನವನಿಗೆ ಏನೆನ್ನುತ್ತೀರಿ ಎಂದು ಒಬ್ಬಳು ಚಿಂತೆಯಿಂದ ಕೇಳಿದಳು. ಆದರೆ ಭಾಷೆ ಬಾಗಿಲು ತಟ್ಟಿ ಕೇಳಿ ಒಳಗೆ ಬರುವುದಿಲ್ಲವಲ್ಲ. ಓಣಿಯ ತರಕಾರಿ ಗಾಡಿಯವಳಿಂದ, ಮೇಲಿನ ಮನೆಯ ಅಜ್ಜಿಯಿಂದ, ವರ್ಷ ತಿರುಗುವುದರೊಳಗೆ ನನಗೆ ಮರಾಠಿ ಬಂದೇಬಿಟ್ಟಿತು. ವಸತಿಯ ತಾಯಂದಿರು ಎದುರಾದರೆ ಎಂಬ ಹೆದರಿಕೆಗೆ ಸಂತೆಯ ದಿನ ಯಜಮಾನರನ್ನೇ ಕಳಿಸುತ್ತಿದ್ದೆ. ಅವರು ಚೀಲ ಹಿಡಿದು ಹೊರಡುವಾಗ ನಗುತ್ತಿದ್ದರು. "ಏನೂ ಬರಂಗಿಲ್ಲ ಅಂತ ಅನ್ನಿಸ್ಕೊಳ್ಳಾಕ ಪಗಾರ ಕೊಡೂ ನೌಕರಿ ನಿನಗೊಬ್ಬಾಕಿಗೇ ಸಿಕ್ಕದ ನೋಡು."

ಅಕ್ಕೋರಿಗೆ ನನ್ನ ಮರಾಠಿಯ ಸಂಗತಿ ಗೊತ್ತಿತ್ತು ಎಂದೇ ನನಗನ್ನಿಸುತ್ತದೆ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಮಕ್ಕಳಿಲ್ಲದ ಕಡೆಯೂ ನಾವು ಮರಾಠಿ ಆಡದೆ ಮುರುಕು ಹಿಂದಿಯಲ್ಲೇ ಉಳಿದೆವು. ಒಮ್ಮೆ ರೂಢಿ ತಪ್ಪಿದರೆ ತರಗತಿಯಲ್ಲೂ ಬಾಯಿ ಜಾರುತ್ತದೆ ಎಂಬ ಭಯ ಇಬ್ಬರಿಗೂ ಇತ್ತು.

ಎರಡನೆಯ ವರ್ಷ ಅದೇ ಮಕ್ಕಳು ಆರನೆಯ ತರಗತಿಗೆ ಬಂದರು, ನಾವೂ ಅವರ ಜೊತೆ ಹೋದೆವು. ಆ ಹೊತ್ತಿಗೆ ವಸತಿಗೆ ಹಳದಿ ಬಸ್ಸು ಬರತೊಡಗಿತ್ತು. ಟೈ, ಬೂಟು, ಕುತ್ತಿಗೆಯಲ್ಲಿ ನೀರಿನ ಬಾಟಲಿ. ಆ ಶಾಲೆಯ ಮಕ್ಕಳು ಮನೆಗೆ ಬಂದು ಗುಡ್ ಈವ್ನಿಂಗ್ ಎಂದರೆ ಅಜ್ಜಂದಿರು ಕಣ್ಣೊರೆಸಿಕೊಳ್ಳುತ್ತಿದ್ದರಂತೆ. ನಮ್ಮಲ್ಲಿ ಬೆಂಚುಗಳು ಒಂದೊಂದಾಗಿ ಖಾಲಿಯಾದವು. ಸಂಖ್ಯೆ ಒಂದು ಮಿತಿಗಿಂತ ಕೆಳಗಿಳಿದರೆ ತರಗತಿಯನ್ನು ಬೇರೆ ಶಾಲೆಗೆ ಸೇರಿಸುತ್ತಾರೆ, ಅಲ್ಲಿಯ ಶಿಕ್ಷಕರನ್ನು ಹೆಚ್ಚುವರಿ ಎಂದು ಬರೆದು ಎಲ್ಲಿಗೋ ಕಳಿಸುತ್ತಾರೆ. ಆ ವರ್ಷದ ಕೊನೆಗೆ ನಮ್ಮ ತರಗತಿ ಆ ಗೆರೆಯ ಮೇಲೇ ನಿಂತಿತ್ತು. ಇನ್ನೊಂದು ಮಗು ಹೋದರೆ ಮುಗಿಯಿತು.

ಅಕ್ಕೋರಿಗೆ ವರ್ಗದ ಭಯ ಇರಲಿಲ್ಲವೆಂದಲ್ಲ. ಆದರೆ ಅವರು ಹಿಡಿದು ಕೂತಿದ್ದು ಬೇರೊಂದು ಹಟವನ್ನು. ಒಂದು ಮಧ್ಯಾಹ್ನ ಮಕ್ಕಳು ಖಿಚಡಿ ತಿನ್ನುವಾಗ, ಹಣೆ ಒತ್ತಿಕೊಳ್ಳುತ್ತ, ತಮ್ಮ ಮಗಳ ವಿಷಯ ಹೇಳಿದರು. ಒಬ್ಬಳೇ ಮಗಳು. ತಾವು ಮರಾಠಿ ಶಾಲೆಯಲ್ಲಿ ಕಲಿಸುತ್ತ, ಅವಳನ್ನು ಮಾತ್ರ ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದ್ದರು. ಅವಳು ಎಲ್ಲವನ್ನೂ ಬಾಯಿಪಾಠ ಮಾಡಿದಳು. ಹತ್ತನೆಯ ತರಗತಿಯ ಗಣಿತದಲ್ಲಿ ಎರಡು ಸಲ ಕೂತು ಎರಡು ಸಲವೂ ಎದ್ದು ಬಂದಳು, ಆಮೇಲೆ ಪುಸ್ತಕ ಮುಟ್ಟಲಿಲ್ಲ. ಮನೆಯಲ್ಲೇ ಹೊಲಿಗೆ ಹಾಕಿಕೊಂಡು ಇದ್ದಾಳೆ ಎಂದರು.

"ನನ್ನ ಮಗಳು ಇಂಗ್ಲಿಷಿನ್ಯಾಗ ಅಳಲಿಲ್ಲ, ಮರಾಠಿಯೊಳಗೂ ಅಳಲಿಲ್ಲ. ಸುಮ್ನ ಕುಂತ್ಲು. ಯಾವ ಮಾತಿನ್ಯಾಗ ಕೇಳ್ಬೇಕಿತ್ತು ನಾನು ಅಕಿಗೆ?"

ನನ್ನ ಮಗನೂ ಟೈ ಕಟ್ಟಿಕೊಂಡೇ ಶಾಲೆಗೆ ಹೋಗುತ್ತಿದ್ದ. ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದ. ಅಕ್ಕೋರಿಗೆ ಅದು ಗೊತ್ತಿತ್ತು, ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಮನೆಮಾತಿನಲ್ಲಿ ತಿಳಿದುಕೊಂಡ ಮಗು ಇಂಗ್ಲಿಷನ್ನೂ ಹಿಡಿಯುತ್ತದೆ ಎಂದು ಒಂದು ತರಗತಿಯನ್ನಾದರೂ ದಡ ಮುಟ್ಟಿಸಿ ನೋಡಬೇಕು ಎಂಬುದೇ ಅವರ ಆಸೆ. ಏಳನೆಯ ತರಗತಿ ಮುಗಿಯುವ ತನಕ ಮಕ್ಕಳು ಉಳಿದರೆ ಸಾಕಿತ್ತು.

ಮೊದಲು ಕದಲಿದ್ದು ಕೋಮಲ್. ಅವಳಪ್ಪ ಕಾರ್ಖಾನೆಯೊಂದಕ್ಕೆ ಗೂಡ್ಸ್ ರಿಕ್ಷಾ ಓಡಿಸುತ್ತಿದ್ದ. ಜೂನಿನಿಂದ ಚಿಕ್ಕ ಮಗನನ್ನು ಹಳದಿ ಬಸ್ಸಿಗೆ ಹತ್ತಿಸುವುದು, ಕೋಮಲಳನ್ನು ಮಾಲೇಗಾಂವಿನ ಸೋದರತ್ತೆಯ ಮನೆಗೆ ಕಳಿಸುವುದು ಎಂದು ನಿಶ್ಚಯ ಮಾಡಿದ್ದ. ಅಲ್ಲಿ ಮನೆತುಂಬ ಮಗ್ಗ, ಕೈಗೆ ಕೈ ಬೇಕು. ಶಾಲೆ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಅಕ್ಕೋರು ಅವರ ಮನೆಗೆ ಹೋಗಿ ಹೇಳಿ ನೋಡಿದರು. ಅವನು ಚಹಾ ಕೊಡಿಸಿ, ತಗ್ಗಿದ ದನಿಯಲ್ಲೇ ಕೇಳಿದನಂತೆ, ಬಾಈ, ನೀವು ನಿಮ್ಮ ಮಗಳನ್ನ ಈ ಶಾಲೆಗೆ ಯಾಕ ಹಾಕಲಿಲ್ಲ ಎಂದು. ಅಕ್ಕೋರು ಚಹಾ ಕುಡಿದು ಎದ್ದು ಬಂದರು. ಇನ್ನು ಆ ವಸತಿಯಲ್ಲಿ ಅವರು ಯಾರ ಮನೆಗೂ ಹೋಗಿ ಕೇಳುವ ಹಾಗಿರಲಿಲ್ಲ.

ಏಪ್ರಿಲ್ ತಿಂಗಳ ಪಾಲಕರ ಸಭೆಗೆ ಕೋಮಲಳ ಅಪ್ಪ ಬಂದದ್ದು ಸಭೆಗಲ್ಲ, ಶಾಲೆ ಬಿಟ್ಟ ದಾಖಲೆ ಕೇಳಲಿಕ್ಕೆ. ಕಾರ್ಖಾನೆಯಿಂದ ನೇರವಾಗಿ ಬಂದಿದ್ದ, ಅಂಗಿಯ ಮೇಲೆ ಎಣ್ಣೆಯ ಕಲೆ. ಇತರ ಪಾಲಕರು ಚಾಪೆಯ ಮೇಲೆ ಕೂತಿದ್ದರು, ಮಕ್ಕಳು ಗೋಡೆಯುದ್ದಕ್ಕೂ ನಿಂತಿದ್ದರು. ಅಕ್ಕೋರು ದಾಖಲೆ ಕೊಡುವುದಿಲ್ಲ ಎನ್ನಲಿಲ್ಲ. ಇಂಗ್ಲಿಷ್ ಕಲಿಸುವವರು ಈ ಮ್ಯಾಡಮ್, ಅವರಿಗೊಂದು ಮಾತು ಹೇಳಿ ತಗೊಂಡು ಹೋಗಿ ಎಂದರು. ಮ್ಯಾಡಮ್‌ಗೆ ಮರಾಠಿ ತಿಳಿಯುವುದಿಲ್ಲ, ಮಗಳೇ ಹೇಳುತ್ತಾಳೆ ಎಂದು ಕೋಮಲಳನ್ನು ಮುಂದೆ ಕರೆದರು. ಸ್ವಲ್ಪ ಹೊತ್ತು ತಳ್ಳಿದರೆ ಅವನ ಮನಸ್ಸು ಬದಲಾದೀತು ಎಂದು ಅವರಿಗೆ ಅನ್ನಿಸಿರಬೇಕು. ಅಥವಾ ಸಾಕಾಗಿ ನನ್ನ ಮೇಲೆ ಹಾಕಿದ್ದರೋ ಏನೋ...

ಅವನು ಮರಾಠಿಯಲ್ಲಿ ಮಗಳಿಗೆ ಹೇಳಿದ. ಮುಂದಿನ ವರ್ಷ ನೀನು ಬರುವುದಿಲ್ಲ ಎಂದು ಹೇಳು, ದಾಖಲೆ ಇವತ್ತೇ ಬೇಕು ಎನ್ನು. ನನಗೆ ಪ್ರತಿ ಶಬ್ದವೂ ತಿಳಿಯಿತು. ಏನೂ ತಿಳಿಯದವಳ ಮುಖ ಹೊತ್ತು ಕೋಮಲಳ ಕಡೆ ನೋಡಿದೆ.

ಕೋಮಲ್ ತನ್ನ ಚಪ್ಪಲಿಯ ಕಡೆ ನೋಡಿದಳು. ಆಮೇಲೆ ತಲೆಯೆತ್ತಿ, ಒಂದೂ ತಡವರಿಸದೆ ಹೇಳಿದಳು.

"ಮ್ಯಾಡಮ್, ಮೈ ಫಾದರ್ ಈಸ್ ಸೇಯಿಂಗ್, ದಿಸ್ ಸ್ಕೂಲ್ ಈಸ್ ಗುಡ್. ನೆಕ್ಸ್ಟ್ ಇಯರ್ ಆಲ್ಸೋ ಐ ವಿಲ್ ಕಮ್."

ನಾನು ಅಕ್ಕೋರ ಕಡೆ ನೋಡಿದೆ. ಅಷ್ಟು ಇಂಗ್ಲಿಷ್ ಅವರಿಗೂ ಬರುತ್ತಿತ್ತು. ಅವರು ಸೆರಗಿನ ಪಿನ್ನನ್ನು ಬಿಚ್ಚಿ ಮತ್ತೆ ಹಾಕಿಕೊಳ್ಳುತ್ತಿದ್ದರು. ಮುಖ ಮೇಲೆತ್ತಲಿಲ್ಲ.

ತುಂಬ ಸಂತೋಷ ಎಂದು ತಂದೆಗೆ ಹೇಳು, ನೀನು ಲೆಕ್ಕದಲ್ಲಿ ಚುರುಕಾಗಿದ್ದೀ ಎಂದು ಹೇಳು ಎಂದೆ, ಇಂಗ್ಲಿಷಿನಲ್ಲಿ. ಕೋಮಲ್ ಅಪ್ಪನ ಕಡೆ ತಿರುಗಿದಳು. ಮ್ಯಾಡಮ್ ಹೇಳುತ್ತಾರೆ, ಇವಳನ್ನು ಬಿಡಿಸಬೇಡಿ, ಇನ್ನೊಂದು ವರ್ಷ ಇರಲಿ, ಇವಳಿಗೆ ಬರುತ್ತದೆ ಎಂದು ಮರಾಠಿಯಲ್ಲಿ ಹೇಳಿದಳು. ಆ ಹುಡುಗಿ ಎರಡೂ ಕಡೆಯ ಮಾತನ್ನು ತನ್ನ ಕೈಗೆ ತೆಗೆದುಕೊಂಡಿದ್ದಳು. ಇತ್ತ ಅಪ್ಪ ಒಪ್ಪಿದ್ದಾನೆಂದು ನನಗೆ ಹೇಳುತ್ತ, ಅತ್ತ ನನ್ನ ಹೆಸರಿನಲ್ಲಿ ಅಪ್ಪನನ್ನು ಬೇಡಿಕೊಳ್ಳುತ್ತಿದ್ದಳು. ಗೋಡೆಗೆ ನಿಂತ ಉಳಿದ ಮಕ್ಕಳಿಗೂ ಇದು ತಿಳಿಯಿತು. ಒಬ್ಬರೂ ತುಟಿ ಬಿಚ್ಚಲಿಲ್ಲ.

ಇಲ್ಲಿ ಮರಾಠಿಯಲ್ಲಿ ಕಲಿತರೆ ಬಸ್ಸಿನ ಮಕ್ಕಳ ಹಾಗೆ ಇಂಗ್ಲಿಷ್ ಬರುತ್ತದಾ, ಕೇಳು ಎಂದ ಅವನು. ಹೌ ಈಸ್ ಮೈ ಇಂಗ್ಲಿಷ್ ಎಂದು ಕೇಳುತ್ತಿದ್ದಾರೆ ಎಂದಳು ಕೋಮಲ್. ತನ್ನ ಮಾತು ಸೇರಿಸಲು ಅವಳಿಗೆ ಜಾಗ ಬೇಕಾಗಿತ್ತು, ನನ್ನಿಂದ ಇನ್ನೂ ಹೆಚ್ಚು ಮಾತು ಬೇಕಾಗಿತ್ತು. ನಾನು ಅವನ ಮುಖವನ್ನೇ ನೋಡುತ್ತ, ಬಹಳ ಮಹತ್ವದ ವಿಷಯ ಹೇಳುವವಳ ಹಾಗೆ, ಬಾಯಿಗೆ ಬಂದದ್ದನ್ನು ಇಂಗ್ಲಿಷಿನಲ್ಲಿ ಹೇಳುತ್ತ ಹೋದೆ. ಈ ವರ್ಷ ಸೆಕೆ ಜಾಸ್ತಿ ಎಂದೆ. ನೀರಿನ ಟ್ಯಾಂಕರ್ ಬರಲಿಲ್ಲ ಎಂದೆ. ನಿನ್ನ ಅಪ್ಪನಿಗೆ ಕೂರಲು ಕುರ್ಚಿ ಕೊಡಬೇಕಿತ್ತು ಎಂದೆ. ಕೋಮಲ್ ಗಂಭೀರವಾಗಿ ಕೇಳಿಸಿಕೊಂಡು ಅಪ್ಪನಿಗೆ ತಿರುಗಿಸಿದಳು. ಮ್ಯಾಡಮ್ ಹೇಳುತ್ತಾರೆ, ನಾನೂ ನಮ್ಮೂರ ಸರ್ಕಾರಿ ಶಾಲೆಯಲ್ಲಿ ನಮ್ಮ ಭಾಷೆಯಲ್ಲೇ ಓದಿದ್ದು, ಇಂಗ್ಲಿಷ್ ಕಲಿತದ್ದು ಆಮೇಲೆ, ನೋಡಿ ಈಗ ನಿಮ್ಮ ಮುಂದೆ ಮಾತಾಡುತ್ತಿದ್ದೇನೆ.

ಅದು ನಿಜ. ನಾನು ಓದಿದ್ದು ಕನ್ನಡ ಶಾಲೆಯಲ್ಲೇ. ಯಾವಾಗಲೋ ಒಂದು ದಿನ ಮಕ್ಕಳಿಗೆ ಹೇಳಿದ್ದೆ, ಅವಳು ಇಟ್ಟುಕೊಂಡಿದ್ದಳು.

ಅವನು ಮಗಳನ್ನು ಬಿಟ್ಟು ನೇರವಾಗಿ ನನ್ನ ಕಡೆ ತಿರುಗಿ, ಮರಾಠಿಯಲ್ಲೇ ಕೇಳಿದ. "ಖರೇನಾ, ಮ್ಯಾಡಮ್? ನೀವೂ ಹಂಗೇ ಓದಿದವರಾ?"

ಕೋಮಲ್ ಬಾಯಿ ತೆರೆಯುವ ಮೊದಲೇ ನಾನು ಹೌದೆಂದು ಗೋಣು ಹಾಕಿಬಿಟ್ಟೆ.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನು ನನ್ನನ್ನು ನೋಡಿದ, ಮಗಳನ್ನು ನೋಡಿದ, ಮತ್ತೆ ನನ್ನನ್ನು ನೋಡಿದ. ದಡ್ಡನಲ್ಲ ಅವನು. ಈ ಮ್ಯಾಡಮ್‌ಗೆ ಮೊದಲಿನಿಂದ ಎಲ್ಲ ತಿಳಿದಿತ್ತು, ಮಗಳು ಹೇಳಿದ್ದೊಂದೂ ತಾನು ಹೇಳಿಸಿದ ಮಾತಾಗಿರಲಿಲ್ಲ, ಎಲ್ಲ ತಿಳಿದೂ ಈ ಹೆಂಗಸು ಸುಮ್ಮನೆ ನಿಂತು ಅವಳಿಗೆ ದಾರಿ ಮಾಡಿಕೊಟ್ಟಳು ಎಂಬುದು ಅವನ ಮುಖದಲ್ಲಿ ಒಂದೊಂದಾಗಿ ಮೂಡುವುದನ್ನು ನಾನು ನೋಡಿದೆ. ಬೈಯುತ್ತಾನೆ ಎಂದುಕೊಂಡೆ. ಕೋಮಲ್ ಎರಡೂ ಕೈಯಿಂದ ಫ್ರಾಕಿನ ತುದಿ ಹಿಡಿದು ನಿಂತಿದ್ದಳು.

ಅವನು ಬೈಯಲಿಲ್ಲ. "ಇಷ್ಟೆಲ್ಲಾ ಬರ್ತದೇನು ನಿನಗ?" ಎಂದು ಮಗಳನ್ನು ಕೇಳಿದ. ಅಕ್ಕೋರ ಕಡೆ ತಿರುಗಿ, ದಾಖಲೆ ಇರಲಿ ಬಿಡಿ ಎಂದು ಹೇಳಿ, ರಿಕ್ಷಾ ಹತ್ತಿ ಹೋದ.

ಸಭೆ ಮುಗಿದ ಮೇಲೆ ನಾವಿಬ್ಬರೂ ಖಾಲಿ ತರಗತಿಯಲ್ಲಿ ಕೂತೆವು. ಅಕ್ಕೋರು ಡಬ್ಬಿ ತೆಗೆದು ಬಾಮ್ ಹಚ್ಚಿಕೊಂಡು, ನನ್ನ ಮುಂದೆಯೂ ಹಿಡಿದರು. ಎರಡು ವರ್ಷದ ಕೆಲಸವನ್ನು ಒಂದು ಗೋಣಿನಲ್ಲಿ ತೊಳೆದುಬಿಟ್ಟಿರಲ್ಲ ಎಂದು ನಕ್ಕರು. ನಗು ಎಂದರೆ ತುಟಿಯ ಒಂದು ಬದಿ ಮಾತ್ರ. ನಾನು ಏನೋ ಹೇಳಹೋದೆ, ಕೈಯೆತ್ತಿ ತಡೆದರು.

"ಇರ್ಲಿ ಬಿಡ್ರಿ. ಅಕಿ ಕೇಳ್ಕೊಂಡ್ಲಲ್ಲ. ನನ್ನ ಮಗಳು ಯಾವ ಮಾತಿನ್ಯಾಗೂ ಕೇಳ್ಕೊಳ್ಳಲಿಲ್ಲ. ಇಕಿ ಎರಡರಾಗೂ ಕೇಳ್ಕೊಂಡ್ಲು."

ಹಾಗೆಂದವರ ಕಣ್ಣು ತುಂಬಿತ್ತು. ಬಾಮಿನ ಉರಿ ಎಂದು ಒರೆಸಿಕೊಂಡರು, ನಾನೂ ಹೌದೆಂದೆ.

ಜೂನಿನಲ್ಲಿ ಕೋಮಲ್ ಬಂದಳು. ಆದರೆ ತರಗತಿ ಮೊದಲಿನ ತರಗತಿಯಾಗಲಿಲ್ಲ. ನಾನು ಒಳಗೆ ಕಾಲಿಟ್ಟರೆ ಮಕ್ಕಳು ಮುಸಿಮುಸಿ ನಗುತ್ತಿದ್ದರು, ಮರಾಠಿಯಲ್ಲೇ ಮಾತು ಶುರುಮಾಡುತ್ತಿದ್ದರು. ಇಂಗ್ಲಿಷಿನಲ್ಲಿ ಹೇಳಿ ಎಂದರೆ ಹೇಳುತ್ತಿದ್ದರು, ಹೋಮ್‌ವರ್ಕ್ ಒಪ್ಪಿಸಿದ ಹಾಗೆ. ತಿಳಿಯದ ಮನುಷ್ಯಳಿಗೆ ತಿಳಿಸುವ ಆ ಕಷ್ಟ, ಆ ಕನಿಕರ, ತಿಳಿದಾಗ ಬಿಡುತ್ತಿದ್ದ ಉಸಿರು... ಅದನ್ನು ಮತ್ತೆ ತರಲು ಆಗಲಿಲ್ಲ. ಅಕ್ಕೋರು ಬೇರೆ ಬೇರೆ ದಾರಿ ಹಿಡಿದು ನೋಡಿದರು. ಹತ್ತಿರದಲ್ಲೇ ಇದ್ದ ವಿಮಾನ ನಿಲ್ದಾಣದ ಕಡೆಯಿಂದ ಯಾರಾದರೂ ಪರವೂರಿನವರನ್ನು ಕರೆತರುವುದು ಎಂದರು. ಯಾರು ಬರುತ್ತಾರೆ? ದೀಪಾವಳಿಯಾಗುವುದರೊಳಗೆ ಮತ್ತೆ ಕೆಲವು ಮಕ್ಕಳು ಹಳದಿ ಬಸ್ಸು ಹತ್ತಿದರು. ವರ್ಷದ ನಡುವೆಯೇ ತರಗತಿಯನ್ನು ದೂರದ ಇನ್ನೊಂದು ಶಾಲೆಗೆ ಸೇರಿಸಿ ಕಾಗದ ಬಂತು. ಅಕ್ಕೋರು ಹೆಚ್ಚುವರಿ ಆದರು. ಸಿಲ್ಲೋಡ್ ತಾಲ್ಲೂಕಿನ ಒಂದು ಹಳ್ಳಿಗೆ ಹಾಕಿದರು. ನನ್ನಂಥ ತಾಸಿನ ಲೆಕ್ಕದವಳಿಗೆ ಕಾಗದವೂ ಬೇಕಾಗಲಿಲ್ಲ.

ಒಂದೇ ಒಂದು ಸಮಾಧಾನ. ಆ ದೂರದ ಶಾಲೆಗೆ ಕೋಮಲಳನ್ನು ಅವಳಪ್ಪ ದಿನಾ ಬೆಳಗ್ಗೆ ತನ್ನ ಗೂಡ್ಸ್ ರಿಕ್ಷಾದಲ್ಲೇ ಬಿಟ್ಟುಬರುತ್ತಿದ್ದ. ಜಾಲನಾ ರಸ್ತೆಯಲ್ಲಿ ಒಮ್ಮೆ ನೋಡಿದೆ, ಹಿಂದೆ ರಟ್ಟಿನ ಪೆಟ್ಟಿಗೆಗಳ ನಡುವೆ ಕೂತಿದ್ದಳು. ನನ್ನನ್ನು ಕಂಡು ಕೈ ಬೀಸಿದಳು. ಆಮೇಲಿನದು ನನಗೆ ಗೊತ್ತಿಲ್ಲ...

ಅಕ್ಕೋರು ಹೊಸ ಶಾಲೆಗೆ ಹೊರಟ ದಿನ ನಾನು ಬಸ್ ನಿಲ್ದಾಣಕ್ಕೆ ಹೋದೆ. ನಮಗೂ ನಾಶಿಕಕ್ಕೆ ವರ್ಗವಾಗಿತ್ತು, ಹೇಳಬೇಕಿತ್ತು. ಸಿಲ್ಲೋಡ್ ಬಸ್ಸು ತಡವಾಗಿತ್ತು. ಕಟ್ಟೆಯ ಮೇಲೆ ಜಾಗ ಮಾಡಿಕೊಟ್ಟು, ಈಗ ಸುತ್ತ ಹುಡುಗರಿಲ್ಲ, ಮರಾಠಿ ಮಾತಾಡಿ ನೋಡೋಣ ಎಂದರು. ನನಗೆ ನಾಚಿಕೆಯಾಯಿತು. ಆದರೂ ಮಾತಾಡಿದೆ. ಬಸ್ಸು ಬರುವ ತನಕ ಮಾತಾಡಿದೆ. ನನ್ನ ಊರು, ನನ್ನ ತಾಯಿ, ಮಗನ ಹಿಂದಿ, ಇಷ್ಟು ದಿನ ಮುರುಕು ಹಿಂದಿಯಲ್ಲಿ ಹೇಳಲಾಗದೆ ಉಳಿದದ್ದೆಲ್ಲ. ಅವರು ನಡುನಡುವೆ ನನ್ನ ತಪ್ಪು ತಿದ್ದಿದರು. ಕೊನೆಗೆ, ನಿಮ್ಮ ಮರಾಠಿ ಕೊತ್ತಂಬರಿ ಮಾರುವವಳ ಮರಾಠಿ ಎಂದು ಮನಸಾರೆ ನಕ್ಕರು. ಅಷ್ಟು ಪೂರ್ತಿ ನಕ್ಕದ್ದನ್ನು ನಾನು ಅವತ್ತೇ ನೋಡಿದ್ದು. ಬಸ್ಸು ಹತ್ತಿ ಕಿಟಕಿಯಿಂದ ತಲೆ ಹೊರಗೆ ಹಾಕಿ, ನಾಶಿಕದ ಶಾಲೆಯಲ್ಲಿ ಮತ್ತೆ ಮೊದಲಿಂದ ಶುರುಮಾಡಿ, ಏನೂ ಬರುವುದಿಲ್ಲ ಎಂದು ಹೇಳಿ ಎಂದರು. ಹೂಂ ಎಂದೆ.

ಮತ್ತೆ ಭೇಟಿಯಾಗಲಿಲ್ಲ. ಹಬ್ಬಕ್ಕೆ ಫೋನು ಮಾಡುತ್ತಿದ್ದೆ. ಬೆಳಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು, ತಲೆನೋವು ಹಾಗೇ ಇದೆ ಎನ್ನುತ್ತಿದ್ದರು. ಒಂದು ವರ್ಷ ಸಂಕ್ರಾಂತಿಗೆ ಫೋನು ಮಾಡಿದಾಗ ಮಗಳು ಎತ್ತಿಕೊಂಡು, ತಾಯಿ ಹೋಗಿ ಎರಡು ತಿಂಗಳಾಯಿತು ಎಂದಳು. ತಲೆಯಲ್ಲಿ ಗಡ್ಡೆ ಇತ್ತಂತೆ. ಅಷ್ಟು ವರ್ಷ ಬಾಮ್ ಹಚ್ಚಿ ತಳ್ಳಿದ್ದರು. ಯಾರಿಗೂ ತೋರಿಸಬೇಕು ಎನ್ನಿಸಲಿಲ್ಲ, ನನಗೂ ಅನ್ನಿಸಲಿಲ್ಲ.

ತರಬೇತಿಯ ಕೊನೆಗೆ ವೇದಿಕೆಯ ತರುಣ, ನಿಮ್ಮಲ್ಲಿ ಯಾರಾದರೂ ಇದನ್ನು ತರಗತಿಯಲ್ಲಿ ಮಾಡಿ ನೋಡಿದ್ದೀರಾ ಎಂದು ಕೇಳಿದ. ನಾನು ಕೈ ಎತ್ತಲಿಲ್ಲ. ಯಾವುದರಿಂದ ಶುರುಮಾಡಿ ಹೇಳುವುದು? ನಾಶಿಕದಲ್ಲಿ ನನ್ನ ನೌಕರಿ ಕಾಯಂ ಆಗಲು ಮರಾಠಿ ಪರೀಕ್ಷೆ ಪಾಸು ಮಾಡಿದ್ದೇನೆ, ಚೆನ್ನಾಗಿಯೇ ಪಾಸು ಮಾಡಿದ್ದೇನೆ. ಈಗ ಕನಸೂ ಮರಾಠಿಯಲ್ಲಿ ಬೀಳುತ್ತದೆ.

ಆದರೂ ಮರುದಿನ ಐದನೆಯ ತರಗತಿಯ ಹೊಸ ಮಕ್ಕಳ ಮುಂದೆ ನಿಂತು, ಏನನ್ನಿಸಿತೋ, ಇಂಗ್ಲಿಷಿನಲ್ಲಿ ಹೇಳಿದೆ. ನಾನು ದೂರದ ಊರಿನವಳು, ನನಗೆ ನಿಮ್ಮ ಭಾಷೆ ತಿಳಿಯುವುದಿಲ್ಲ, ನೀವೇ ನನಗೆ ತಿಳಿಸಿ ಹೇಳಬೇಕು. ಮಕ್ಕಳು ಜೋರಾಗಿ ನಕ್ಕರು. ಹಿಂದಿನ ವಾರವಷ್ಟೇ ನಾನು ಅಂಗಳದಲ್ಲಿ ನಿಂತು ಖಿಚಡಿ ಮಾಡುವವಳೊಂದಿಗೆ ಮರಾಠಿಯಲ್ಲಿ ಜಗಳವಾಡಿದ್ದನ್ನು ಅವರು ಕೇಳಿದ್ದರು. ನಾನೂ ನಕ್ಕು, ಪುಸ್ತಕ ತೆಗೆಯಿರಿ ಎಂದು ಮರಾಠಿಯಲ್ಲೇ ಹೇಳಿದೆ. ಆ ಪಾಠಕ್ಕೆ ಇಬ್ಬರು ಬೇಕು. ಒಬ್ಬರು ನನಗೆ ಬರುವುದಿಲ್ಲ ಎನ್ನಬೇಕು. ಇನ್ನೊಬ್ಬರು ಪಕ್ಕದಲ್ಲಿ ನಿಂತು, ಹೌದು, ಪಾಪ, ಇವರಿಗೆ ಏನೂ ಬರುವುದಿಲ್ಲ ಎಂದು ಮಕ್ಕಳನ್ನು ನಂಬಿಸಬೇಕು. ನನ್ನ ಪಕ್ಕದಲ್ಲಿ ಈಗ ಯಾರೂ ಇಲ್ಲ.